ಗುಂಡಿ ಡಬ್ಬಿಯಲ್ಲಿ ಹಲ್ಲು

ಫೆಬ್ರವರಿ 3

ಪಿಟೀಲು,

ಅತ್ತಿಗೆ ಫೋನು ಎತ್ತುವುದಿಲ್ಲ ಎಂದು ನಿನ್ನ ಅಣ್ಣನ ಹತ್ತಿರ ದೂರು ಕೊಟ್ಟೆಯಂತೆ. ನಿಜ, ಎತ್ತುವುದಿಲ್ಲ. ನೀನು ಹಲ್ಲಿನ ಲ್ಯಾಬಿನಿಂದ ಹೊರಗೆ ಬೀಳುವುದೇ ಸಂಜೆ. ಆ ಹೊತ್ತಿಗೆ ನನ್ನ ಬಾಯಿ ಉರಿಯುತ್ತಿರುತ್ತದೆ. ಮಾತಾಡಿದರೆ ನಾಲಿಗೆ ಒಣಗಿ ಇನ್ನಷ್ಟು ಉರಿ. ಅದಕ್ಕೇ ಬೆಳಿಗ್ಗೆ ಅಂಗಡಿ ತೆರೆದು, ಗಿರಾಕಿಗಳು ಬರುವ ಮೊದಲು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ.

ಬಿಸಿ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡರೆ ಹೇಗಿರುತ್ತದೆ, ಹಾಗಿದೆ. ಕಾಫಿಯ ಸುಟ್ಟಗಾಯವಾದರೆ ಎರಡು ದಿನಕ್ಕೆ ಹೋಗುತ್ತದೆ. ಇದು ಹೋಗುವುದಿಲ್ಲ. ಸಾಲದ್ದಕ್ಕೆ, ನಾಣ್ಯ ಚೀಪಿದ ಹಾಗೆ ಒಂದು ರುಚಿ. ಕನ್ನಡಿಯಲ್ಲಿ ನೋಡಿದರೆ ಕೆಂಪೂ ಇಲ್ಲ, ಹುಣ್ಣೂ ಇಲ್ಲ. ನೋಡಿದವರೆಲ್ಲ "ಏನೂ ಇಲ್ವಲ್ಲ" ಎನ್ನುತ್ತಾರೆ. ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇದೆಯಲ್ಲ, ಗಿರಾಕಿ ಹೊರಗೆ ಹೋದ ಕೂಡಲೇ ಅದರ ಮುಂದೆ ನಾಲಿಗೆ ಚಾಚಿಕೊಂಡು ನಿಲ್ಲುವುದೇ ನನ್ನ ಕೆಲಸವಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮೇಲಿನ ಹಲ್ಲನ್ನೆಲ್ಲ ತೆಗೆಸಿಬಿಡಬೇಕೆಂದು ತೀರ್ಮಾನಿಸಿದ್ದೇನೆ. ನಮ್ಮ ಹಳೆಯ ಡಾಕ್ಟರು "ನೋಡೋಣ, ನೋಡೋಣ" ಎಂದು ಎಳೆಯುತ್ತಿದ್ದಾರೆ. ಬೀದಿಯ ತುದಿಯಲ್ಲಿ ಹೊಸ ಕ್ಲಿನಿಕ್ಕು ಬಂದಿದೆ. ಅವರು ಮಾರ್ಚ್ ಕೊನೆಯ ಹೊತ್ತಿಗೆ ತೆಗೆಯುತ್ತೇವೆ ಎಂದಿದ್ದಾರೆ. ಕಟ್ಟುಹಲ್ಲಿನ ಪೂರ್ತಿ ಸೆಟ್ಟು ನೀನೇ ಮಾಡಿಕೊಡಬೇಕು. ಹೋದ ವರ್ಷ ಎರಡು ಹಲ್ಲಿನ ಪ್ಲೇಟು ಮಾಡಿ ಕಳಿಸಿದೆಯಲ್ಲ, ಹಾಗೆಯೇ.

ನಾನು ಈ ಮನೆಗೆ ಬಂದಾಗ ನಿನಗೆ ಹನ್ನೊಂದು ವರ್ಷ. ಆ ದಿನದಿಂದ "ಯಾಕೆ, ಹೇಗೆ, ಎಲ್ಲಿಂದ" ಎಂದು ಪಿಟೀಲು ಕುಯ್ಯುತ್ತಲೇ ಇದ್ದೀಯ ಎಂದು ತಾನೇ ನಿನಗೆ ಆ ಹೆಸರಿಟ್ಟದ್ದು? ಈ ಒಂದು ಸಲ ಕುಯ್ಯದೆ ಹೂಂ ಅನ್ನು.

ನಿನ್ನ ಅತ್ತಿಗೆ


ಫೆಬ್ರವರಿ 9

ಅತ್ತಿಗೆ,

ಹೂಂ ಅನ್ನಲು ಆಗುತ್ತಿಲ್ಲ. ಕುಯ್ಯುತ್ತೇನೆ.

ನಿಮ್ಮ ಬಾಯಿಯ ಪ್ಲಾಸ್ಟರ್ ಅಚ್ಚು ನನ್ನ ಕಪಾಟಿನಲ್ಲಿದೆ. ಬೇರೆಯವರದನ್ನು ಕೆಲಸ ಮುಗಿದ ಕೆಲವು ತಿಂಗಳಿಗೆ ಎಸೆಯುತ್ತೇವೆ. ನಿಮ್ಮದನ್ನು ಎಸೆಯಲು ಮನಸ್ಸು ಬರಲಿಲ್ಲ. ನಿನ್ನೆ ಕೆಳಗಿಳಿಸಿ, ಧೂಳು ಊದಿ, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದೆ. ನಿಮ್ಮ ಹಲ್ಲುಗಳ ಅಂಚು ಸ್ವಲ್ಪ ಸವೆದಿದೆ, ಅಷ್ಟೇ. ನಿಮ್ಮ ವಯಸ್ಸಿಗೆ ಇಷ್ಟು ಗಟ್ಟಿಯಾದ ಸಾಲು ನನ್ನ ಮೇಜಿಗೆ ಬರುವುದು ಅಪರೂಪ.

ಆದರೆ ನನ್ನ ಕೆಲಸದ ಮಿತಿ ನನಗೆ ಗೊತ್ತು. ದಿನಕ್ಕೆ ಹತ್ತಾರು ಜನರ ಬಾಯಿ ನನ್ನ ಕೈಯಲ್ಲಿ ಓಡಾಡುತ್ತದೆ. ಒಂದು ಬಾಯಿಯನ್ನೂ ನಾನು ಕಂಡಿಲ್ಲ. ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ನಾನು ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಅಕ್ರಿಲಿಕ್ ಪ್ಲಾಸ್ಟಿಕ್ಕು ಬೇಯಿಸಿ ವಾಪಸ್ಸು ಕಳಿಸುತ್ತೇನೆ. ಪ್ಲಾಸ್ಟರ್ ಉರಿಯುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿದೆ. ಅಕ್ರಿಲಿಕ್ ಸರಿಯಾಗಿ ಬೇಯದಿದ್ದರೆ ಅದರಲ್ಲಿ ಉಳಿದ ರಾಸಾಯನಿಕ ಒಸಡನ್ನು ಉರಿಸಬಹುದು. ಕೆಲವರಿಗೆ ಅಲರ್ಜಿಯೂ ಆಗುತ್ತದೆ. ನಿಮ್ಮ ಪ್ಲೇಟನ್ನು ಬೇಯಿಸಿದವಳು ನಾನು. ಪೂರ್ತಿ ಹೊತ್ತು ಇಟ್ಟಿದ್ದೆ ಎಂದೇ ನೆನಪು, ಆದರೆ ನೆನಪಿನ ಮೇಲೆ ಹಲ್ಲು ಕಟ್ಟಲಾಗುವುದಿಲ್ಲ. ದಯವಿಟ್ಟು ಎರಡು ವಾರ ಪ್ಲೇಟು ತೆಗೆದಿಡಿ. ಉರಿ ಇಳಿಯುತ್ತದೆಯೋ ನೋಡಿ.

ಜೊತೆಗೆ ಇಷ್ಟು ಹೇಳಿ. ಉರಿ ಬಾಯಲ್ಲಿ ಎಲ್ಲಿ? ಒಂದೇ ಕಡೆಯೋ, ಎರಡೂ ಕಡೆಯೋ? ಬೆಳಿಗ್ಗೆ ಎದ್ದಾಗ ಇರುತ್ತದೆಯೇ? ಊಟ ಮಾಡುವಾಗ ಏನಾಗುತ್ತದೆ? ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿ ಹಿಡಿಯುವುದನ್ನು ಬಿಟ್ಟಿದ್ದೀರಾ?

ಪಿಟೀಲು


ಫೆಬ್ರವರಿ 15

ಪಿಟೀಲು,

ಬೈಯಬಾರದು. ನೀನು ಮಾಡಿಕೊಟ್ಟ ಪ್ಲೇಟು ಎರಡು ವಾರವಲ್ಲ, ಏಳೆಂಟು ತಿಂಗಳಿಂದ ಗುಂಡಿ ಡಬ್ಬಿಯಲ್ಲಿದೆ. ಕೋಟಿನ ಗುಂಡಿಗಳ ಜೊತೆ ಸುಖವಾಗಿದೆ. ಮೊನ್ನೆ ಒಬ್ಬರ ಕೋಟಿಗೆ ಕಂದು ಗುಂಡಿ ಹುಡುಕಲು ಡಬ್ಬಿ ಬಗ್ಗಿಸಿದೆ. ಗುಂಡಿಗಳ ನಡುವಿನಿಂದ ಎರಡು ಹಲ್ಲು ನಕ್ಕವು. ಆ ಮನುಷ್ಯ ಕೋಟನ್ನೇ ವಾಪಸ್ಸು ಕೇಳಿದ.

ಯಾಕೆ ಹಾಕುವುದಿಲ್ಲ ಎಂದು ಕೇಳಬೇಡ. ಅದು ಬೇರೆ ಮಾತು. ಪ್ಲೇಟು ಇದ್ದಾಗಲೂ ಉರಿ ಇತ್ತು, ಡಬ್ಬಿಗೆ ಹೋದ ಮೇಲೂ ಇದೆ. ಆದ್ದರಿಂದ ನಿನ್ನ ಅಕ್ರಿಲಿಕ್ ಬೆಂದಿದೆ. ನೀನು ನಿದ್ದೆ ಮಾಡಬಹುದು.

ಉಳಿದ ಪ್ರಶ್ನೆಗಳು. ನಾಲಿಗೆಯ ತುದಿ, ಅದರ ಎರಡೂ ಅಂಚು, ಮುಂದಿನ ಅಂಗುಳು, ಕೆಳತುಟಿಯ ಒಳಗೆ. ಬೆಳಿಗ್ಗೆ ಏಳುವಾಗ ಇರುವುದಿಲ್ಲ! ನೀನು ಕೇಳಿದ ಮೇಲೆ ಗಮನಿಸಿದೆ. ಹಲ್ಲುಜ್ಜಿ, ಚಹಾ ಕುಡಿದು, ಅಂಗಡಿಗೆ ಬಂದು, ಎರಡು ಪ್ಯಾಂಟಿನ ಅಂಚು ಮಡಿಚುವವರೆಗೂ ಮಾಮೂಲು ಬಾಯಿ. ಆಮೇಲೆ ಯಾರೋ ಸಣ್ಣಗೆ ಒಲೆ ಹಚ್ಚಿದ ಹಾಗೆ. ಸಂಜೆಗೆ ಪೂರ್ತಿ ಉರಿ. ಊಟಕ್ಕೆ ಕೂತರೆ ಇಳಿಯುತ್ತದೆ. ಇದು ನನಗೇ ಅರ್ಥವಾಗಿಲ್ಲ. ಸುಟ್ಟ ಬಾಯಿಗೆ ಊಟ ಹಾಕಿದರೆ ಜಾಸ್ತಿಯಾಗಬೇಕಲ್ಲವೇ? ಕಿತ್ತಳೆ, ಟೊಮೆಟೊ ಮಾತ್ರ ಚುರುಗುಟ್ಟುತ್ತವೆ. ನಿನ್ನ ಅಣ್ಣ "ದಿನವಿಡೀ ತಿಂತಾನೇ ಇರು, ಗುಣ ಆಗ್ತೀಯ" ಎಂದು ತಮಾಷೆ ಮಾಡುತ್ತಾನೆ.

ಪಿನ್ನಿನ ಅನುಮಾನ ಮೊದಲು ಬಂದದ್ದು ಪಕ್ಕದ ಲಾಂಡ್ರಿಯವನಿಗೆ. "ಬಾಯಿ ತುಂಬ ಕಬ್ಬಿಣ ಇಟ್ಕೊಂಡ್ರೆ ಇನ್ನೇನು ತಂಪಾಗುತ್ತಾ?" ಎಂದ. ಒಂದು ತಿಂಗಳು ಪಿನ್ನು ಮುಟ್ಟಿಸಲಿಲ್ಲ. ಬದಲಾವಣೆ ಇಲ್ಲ. ಮತ್ತೆ ಕಚ್ಚಲು ಶುರು ಮಾಡಿದೆ. ವಿಚಿತ್ರವೆಂದರೆ ಗಿರಾಕಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತುಟಿಯಲ್ಲಿ ಪಿನ್ನಿಟ್ಟುಕೊಂಡು, ಅಂಚು ಸಮ ಇದೆಯೇ ಎಂದು ಸುತ್ತು ಬರುವಾಗ ಉರಿ ನೆನಪೇ ಇರುವುದಿಲ್ಲ. ಅವರು ಇಳಿದು ಹೋದರೆ, ಬಂತು.

ಒಲೆ ಹಚ್ಚುವವನು ಯಾರು, ಪಿಟೀಲು? ನಿನಗೆ ಗೊತ್ತಾದರೆ ಹೇಳು. ಹಲ್ಲಿನ ತೀರ್ಮಾನ ಮಾತ್ರ ಬದಲಾಗಿಲ್ಲ.

ಅತ್ತಿಗೆ


ಫೆಬ್ರವರಿ 22

ಅತ್ತಿಗೆ,

ಗುಂಡಿ ಡಬ್ಬಿಯ ವಿಷಯ ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಅದನ್ನು ಪಕ್ಕಕ್ಕಿಡುತ್ತೇನೆ.

ಒಂದೇ ಒಂದು ಪ್ರಶ್ನೆ. ನೀವು ಆ ಎರಡು ಹಲ್ಲು ತೆಗೆಸಿದಿರಲ್ಲ, ಮುಂದಿನ ಹಲ್ಲಿನ ಪಕ್ಕದವು. ಹುಳುಕಾಗಿತ್ತು ಎಂದು ನಾನು ಅಂದುಕೊಂಡಿದ್ದೆ. ಉರಿ ಶುರುವಾದದ್ದು ಅವನ್ನು ತೆಗೆಸಿದ ಮೇಲೋ, ಮೊದಲೋ?

ಪಿಟೀಲು


ಮಾರ್ಚ್ 1

ಪಿಟೀಲು,

ಮೊದಲು.

ಹುಳುಕಿರಲಿಲ್ಲ. ಉರಿ ಅಲ್ಲಿಂದಲೇ ಹೊರಡುತ್ತಿದೆ ಎಂದು ನನಗೆ ಅನ್ನಿಸಿತ್ತು. ಡಾಕ್ಟರು ಬೇಡ ಎಂದರೂ ಹಟ ಹಿಡಿದು ತೆಗೆಸಿದೆ. ಎರಡು ವಾರ ಎಷ್ಟು ಹಾಯಾಗಿತ್ತು ಗೊತ್ತಾ! ಆಮೇಲೆ ಮತ್ತೆ ಶುರು. ಅಂದರೆ ಕಳ್ಳ ಆ ಎರಡು ಮನೆಯಲ್ಲಿರಲಿಲ್ಲ, ಪಕ್ಕದ ಮನೆಯಲ್ಲಿದ್ದಾನೆ. ಯಾವ ಮನೆ ಎಂದು ಗೊತ್ತಿಲ್ಲದ ಮೇಲೆ ಬೀದಿಯನ್ನೇ ಖಾಲಿ ಮಾಡಿಸುವುದು. ನನ್ನ ಲೆಕ್ಕ ಇಷ್ಟೇ.

"ಕಳ್ಳ ಬಾಯಲ್ಲೇ ಇಲ್ದಿದ್ರೆ?" ಎಂದು ನಿನ್ನ ಅಣ್ಣ ಕೇಳಿದ. ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಹಲ್ಲಾದರೆ ಹಲ್ಲು ಎಂದಾಯಿತು. ಕಿತ್ತು ಬಿಸಾಕಬಹುದು. ಬೇರೆ ಏನಾದರೂ ಆಗಿದ್ದರೆ ಅದರ ಹೆಸರು ಕೇಳುವುದು ನನಗೆ ಬೇಡ. ನಿಮ್ಮ ಅಮ್ಮನದೂ ನಾಲಿಗೆಯ ಅಂಚಿನಲ್ಲೇ ಶುರುವಾದದ್ದು. ನೀನು ಆಗ ಹಲ್ಲಿನ ಕೆಲಸ ಕಲಿಯಲು ಹಾಸ್ಟೆಲಿನಲ್ಲಿದ್ದೆ. ಚಮಚದಲ್ಲಿ ಊಟ ಮಾಡಿಸಿದವಳು ನಾನು. ಕೊನೆಗೆ ಚಮಚವೂ ಒಳಗೆ ಹೋಗುತ್ತಿರಲಿಲ್ಲ.

ಈ ವಿಷಯ ಇಲ್ಲಿಗೆ ಬಿಡು. ಮಾರ್ಚ್ 22, ಶನಿವಾರ, ಹತ್ತೂವರೆಗೆ ಕ್ಲಿನಿಕ್ಕು.

ಅತ್ತಿಗೆ


ಮಾರ್ಚ್ 6

ಅತ್ತಿಗೆ,

ಲ್ಯಾಬಿಗೆ ಅಳತೆ ಕಳಿಸುವ ಡಾಕ್ಟರೊಬ್ಬರಿಗೆ ನಿಮ್ಮ ಅಚ್ಚು ತೋರಿಸಿದೆ. ನೀವು ಬರೆದ ಲಕ್ಷಣಗಳನ್ನೂ ಓದಿ ಹೇಳಿದೆ. ಹಲ್ಲಿನಲ್ಲಿ ಏನೂ ಇಲ್ಲ ಎಂದರು. ಇಂಥ ಉರಿ ಕೆಲವರಿಗೆ ಬರುತ್ತದಂತೆ. ಬಾಯಿರೋಗದ ತಜ್ಞರಿಗೆ ತೋರಿಸಬೇಕಂತೆ. ಹಲ್ಲು ಕೀಳಿಸುವುದು ಮಾತ್ರ ಬೇಡವೇ ಬೇಡ ಎಂದರು.

ಏನೂ ಇಲ್ಲ ಎಂದ ಮೇಲೆ ಧೈರ್ಯವಾಗಿರಿ. ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಂಗಡಿ ಸ್ವಲ್ಪ ಬೇಗ ಮುಚ್ಚಿ, ಚೆನ್ನಾಗಿ ನಿದ್ದೆ ಮಾಡಿ. ಲ್ಯಾಬಿನಲ್ಲಿ ಈ ವಾರ ಕೆಲಸ ತುಂಬ ಇದೆ, ಹೆಚ್ಚು ಬರೆಯಲಾಗುತ್ತಿಲ್ಲ.

ಪಿಟೀಲು


ಮಾರ್ಚ್ 16

ತಂಗೀ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಫೋನಿನಲ್ಲಿ ಹೇಳಲು ಮನೆಯಲ್ಲಿ ಇವಳಿದ್ದಾಳೆ, ಕೆಲಸದ ಜಾಗದಲ್ಲಿ ಗದ್ದಲ.

ನೀನು ಏನು ಬರೆದೆ? ನಿನ್ನ ಕಾಗದ ಬಂದ ದಿನದಿಂದ ಇವಳು ನಿನ್ನ ಹೆಸರೆತ್ತುವುದಿಲ್ಲ. ಒಂದೇ ಮಾತು ಹೇಳಿದಳು: "ಏನೂ ಇಲ್ಲ ಅನ್ನೋರ ಸಾಲಿಗೆ ನಿನ್ನ ತಂಗೀನೂ ಸೇರಿಕೊಂಡ್ಳು. ಮನಸ್ಸಿಗೆ ಹಚ್ಕೊಂಡಿದೀನಂತೆ. ನಾಲಿಗೆಗೆ ಹಚ್ಚಿರೋದು ಯಾರಂತೆ?"

ನಾಳೆಯಿಂದ ಬೇರೆ ಊರಿನಲ್ಲಿ ಒಂದು ಹೊಸ ಕಟ್ಟಡಕ್ಕೆ ಲಿಫ್ಟು ಕೂರಿಸುವ ಕೆಲಸ. ತಿಂಗಳ ಕೊನೆಯವರೆಗೂ ಬರಲಾಗುವುದಿಲ್ಲ. ರಜೆ ಕೇಳಿದೆ, ಕೊಡಲಿಲ್ಲ. ಅಲ್ಲಿನ ವಿಳಾಸ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಶನಿವಾರ ಇವಳು ಒಬ್ಬಳೇ ಹೋಗಿ ಹಲ್ಲು ಕೀಳಿಸಿಕೊಂಡು ಬರುತ್ತಾಳಂತೆ.

ಲಿಫ್ಟು ನಿಂತರೆ ಬಾಗಿಲು ಕೀಳುವುದಿಲ್ಲ, ಮೊದಲು ವೈರು ನೋಡುತ್ತೇವೆ. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಕಲಿತದ್ದು ಅದು. ಹೆಂಡತಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಕಲಿತಿಲ್ಲ. ನಿನಗಿದ್ದರೆ ನೋಡು.

ಅಣ್ಣ


ಮಾರ್ಚ್ 23, ರೈಲಿನಲ್ಲಿ

ಅಣ್ಣಾ,

ಅತ್ತಿಗೆ ನಿನಗೆ ಫೋನಿನಲ್ಲಿ "ಹಲ್ಲಿವೆ" ಎಂದಷ್ಟೇ ಹೇಳಿ ಇಟ್ಟರಂತೆ. ಉಳಿದದ್ದು ಇಲ್ಲಿದೆ. ಅಕ್ಷರ ಕುಣಿದರೆ ರೈಲನ್ನು ಬೈದುಕೊ.

ಶುಕ್ರವಾರ ಸಂಜೆ ಅಂಗಡಿಗೆ ಹೋದಾಗ ಅತ್ತಿಗೆ ನೆಲದಲ್ಲಿ ಕೂತಿದ್ದರು. ಸ್ಟೂಲಿನ ಮೇಲೆ ಒಬ್ಬಳು ನರ್ಸು, ಹೊಸ ಯೂನಿಫಾರಂ ಹಾಕಿಕೊಂಡು. ಅತ್ತಿಗೆಯ ತುಟಿಯಲ್ಲಿ ಸಾಲಾಗಿ ಪಿನ್ನು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಬಾಯಿ ತೆರೆಯುವಂತಿರಲಿಲ್ಲ. ನನಗೆ ಅದೇ ಅನುಕೂಲವಾಯಿತು.

"ಅತ್ತಿಗೆ, ನಾನು ಬರೆದದ್ದು ತಪ್ಪು. ಹಲ್ಲಲ್ಲಿ ಏನೂ ಇಲ್ಲ ಅಂತ ಅವರು ಹೇಳಿದ್ದು. ನಿಮಗೆ ಏನೂ ಇಲ್ಲ ಅಂತ ಬರೆದದ್ದು ನಾನು" ಎಂದೆ.

ಅವರು ಒಂದು ಪಿನ್ನು ತೆಗೆದು ಅಂಚಿಗೆ ಚುಚ್ಚಿದರು.

"ಅಮ್ಮನ ವಿಷಯ ನೀವು ಬರೆದ್ರಿ. ನಾನು ಅದಕ್ಕೆ ಉತ್ತರಾನೇ ಬರೀಲಿಲ್ಲ. ಕೈ ಓಡಲಿಲ್ಲ."

ಇನ್ನೊಂದು ಪಿನ್ನು.

"ಅಮ್ಮನಿಗಾದದ್ದೇ ಆಗಿದೆ ಅಂತ ಭಯಾನಾ?"

ಉಳಿದ ಪಿನ್ನುಗಳನ್ನೆಲ್ಲ ತೆಗೆದು, ಪಿನ್ನು ಸಿಕ್ಕಿಸುವ ಬಟ್ಟೆಯ ದಿಂಡಿಗೆ ಚುಚ್ಚಿದರು. "ನಿಧಾನವಾಗಿ ತಿರುಗಮ್ಮ" ಎಂದು ನರ್ಸಿಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡದೆ, "ಹಲ್ಲು ಅಂತ ಅಂದ್ಕೊಂಡ್ರೆ ರಾತ್ರಿ ನಿದ್ದೆ ಬರುತ್ತೆ ಕಣೇ" ಎಂದರು.

"ಎಲ್ಲಾ ಹಲ್ಲು ಹೋದ ಮೇಲೂ ಉರಿದ್ರೆ?"

ಮಾತಾಡಿದ್ದು ಸ್ಟೂಲಿನ ಮೇಲಿದ್ದ ನರ್ಸು. "ಆಂಟಿ, ನಮ್ಮ ಆಸ್ಪತ್ರೆಯಲ್ಲಿ ಬಾಯಿಯದೇ ವಿಭಾಗ ಇದೆ. ನಾಳೆ ಶನಿವಾರಾನೂ ನೋಡ್ತಾರೆ. ಒಂಬತ್ತಕ್ಕೇ ಬಂದ್ರೆ ಬೇಗ ಆಗುತ್ತೆ."

"ನೀನು ಎಲ್ಲಾ ಕೇಳಿಸ್ಕೊಂಡ್ಯಾ?"

"ಇಲ್ಲೇ ನಿಂತಿದೀನಲ್ಲ ಆಂಟಿ, ಇಳಿಯೋ ಹಾಗಿಲ್ಲ, ಸುತ್ತ ಪಿನ್ನು!"

ಅತ್ತಿಗೆ ನಕ್ಕರು. ನಾನು ಆ ಸಂದು ಬಿಡಲಿಲ್ಲ. "ನಾಳೆ ಮೊದಲು ಅಲ್ಲಿಗೆ. ಅವರು ಕೀಳ್ಸಿ ಅಂದ್ರೆ ಅಲ್ಲಿಂದ ಸೀದಾ ಕ್ಲಿನಿಕ್ಕಿಗೆ ನಾನೇ ಕರ್ಕೊಂಡು ಹೋಗ್ತೀನಿ, ಸೆಟ್ಟೂ ನಾನೇ ಮಾಡ್ತೀನಿ" ಎಂದೆ. ಅವರು ಹೂಂ ಅನ್ನಲಿಲ್ಲ. ನೂಲು ಕಚ್ಚಿ ತುಂಡರಿಸಿ, "ಬೆಳಿಗ್ಗೆ ಬೇಗ ಎದ್ದೇಳು" ಎಂದರು.

ಆಸ್ಪತ್ರೆಯ ಡಾಕ್ಟರಿಗೆ ನಗುವ ಅಭ್ಯಾಸವಿಲ್ಲ, ಅವಸರವೂ ಇಲ್ಲ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು, ಕೆಳಭಾಗ, ಕೆನ್ನೆಯ ಒಳಗೆ ನೋಡಿದರು. ಕುತ್ತಿಗೆ ಒತ್ತಿ ನೋಡಿದರು. ಎಂಜಲು ಎಷ್ಟು ಬರುತ್ತದೆ ಎಂದು ಅಳೆದರು. ಯಾವ ಮಾತ್ರೆ, ಯಾವ ಟೂತ್‌ಪೇಸ್ಟು, ಮುಟ್ಟು ನಿಂತು ಎಷ್ಟು ವರ್ಷ, ಹಲ್ಲು ಕಡಿಯುತ್ತೀರಾ ಎಂದು ನನ್ನನ್ನೂ ಮೀರಿಸುವಷ್ಟು ಪ್ರಶ್ನೆ. ಕೊನೆಗೆ ಅತ್ತಿಗೆ ಕುರ್ಚಿಯ ಕೈ ಹಿಡಿದುಕೊಂಡು, "ಕೆಟ್ಟದ್ದು ಏನಾದ್ರೂ..." ಎಂದರು.

"ಕ್ಯಾನ್ಸರ್ ಅಂತ ಕೇಳ್ತಿದೀರಾ?"

ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಪದ ಅದು, ಅಲ್ಲವೇ ಅಣ್ಣ? ಅಮ್ಮ ಹೋಗುವವರೆಗೂ ನಾವು ಹೇಳಲಿಲ್ಲ. ಈ ಡಾಕ್ಟರು ಟೂತ್‌ಪೇಸ್ಟ್ ಅಂದಷ್ಟೇ ಸಲೀಸಾಗಿ ಅಂದುಬಿಟ್ಟರು.

"ಅದರ ಗುರುತು ನನಗೆ ಎಲ್ಲೂ ಕಾಣಿಸ್ಲಿಲ್ಲ. ಗಡ್ಡೆ ಇಲ್ಲ, ಹುಣ್ಣಿಲ್ಲ, ಬಿಳಿ ಮಚ್ಚೆ ಇಲ್ಲ. ಉರಿ ಇದೆ, ಅದು ನಿಜವಾದ ಉರಿ. ಯಾವುದರಿಂದ ಅಂತ ಹುಡುಕೋಣ. ಹಲ್ಲಿನ ತಂಟೆಗೆ ಹೋಗ್ಬೇಡಿ."

ಪರೀಕ್ಷೆಗೆ ಅತ್ತಿಗೆ ರಕ್ತ ಕೊಟ್ಟರು, ನಾಲಿಗೆಯಿಂದ ಹತ್ತಿಯಲ್ಲಿ ಒರೆಸಿ ತೆಗೆದುಕೊಂಡರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಗಡಿಯಾರ ಹತ್ತೂವರೆ ದಾಟಿತ್ತು. ಅತ್ತಿಗೆ ಅದನ್ನು ನೋಡಿದರು. ನಾನೂ ನೋಡಿದೆ. ಕ್ಲಿನಿಕ್ಕಿನ ಮಾತು ಇಬ್ಬರೂ ಎತ್ತಲಿಲ್ಲ.

ಪಿಟೀಲು


ಏಪ್ರಿಲ್ 8

ಪಿಟೀಲು,

ರಿಪೋರ್ಟು ಬಂತು. ಕಬ್ಬಿಣಾಂಶ, ವಿಟಮಿನ್, ಸಕ್ಕರೆ, ಥೈರಾಯ್ಡ್ ಎಲ್ಲ ಸರಿ. ಫಂಗಸ್ಸೂ ಇಲ್ಲ. ಇವುಗಳಲ್ಲಿ ಯಾವುದಾದರೂ ಕೆಟ್ಟಿದ್ದರೆ ಅದನ್ನು ಸರಿ ಮಾಡಿದರೆ ಉರಿಯೂ ಹೋಗುತ್ತಿತ್ತಂತೆ. ನನ್ನದು ಅಷ್ಟು ಸುಲಭದ್ದಲ್ಲ. ಎಲ್ಲವನ್ನೂ ಅಲ್ಲ, ಅಲ್ಲ ಎಂದು ತಳ್ಳಿದ ಮೇಲೆ ಉಳಿಯುವುದು. ಅದಕ್ಕೆ ಬರ್ನಿಂಗ್ ಮೌತ್ ಸಿಂಡ್ರೋಮ್ ಎಂದು ಹೆಸರು. ಲಾಂಡ್ರಿಯವನಿಗೆ ಹೇಳಿದೆ. "ಉರಿಬಾಯಿ ಅನ್ನಿ, ಅಷ್ಟುದ್ದ ಯಾಕೆ? ನಮ್ಮ ಮನೆಯವಳಿಗೂ ಇದೆ, ಉರಿಯೋದು ಮಾತ್ರ ನನಗೆ" ಎಂದ.

ಒಲೆ ಹಚ್ಚುವವನು ಯಾರು ಎಂದು ನಿನ್ನನ್ನು ಕೇಳಿದ್ದೆ. ಡಾಕ್ಟರನ್ನೂ ಕೇಳಿದೆ. ಅವರು ನನ್ನ ಕಸುಬು ವಿಚಾರಿಸಿಕೊಂಡು, "ಪೆಡಲ್ ಮೇಲಿಂದ ಕಾಲು ತೆಗೆದ ಮೇಲೂ ಮಷಿನ್ನಿನ ಮೋಟಾರು ಓಡ್ತಾನೇ ಇದ್ರೆ ಏನು ಮಾಡ್ತೀರಿ?" ಎಂದರು.

"ಮೆಕಾನಿಕ್ಕನ್ನ ಕರೀತೀನಿ. ಒಳಗೆ ವೈರು ಕೆಟ್ಟಿರುತ್ತೆ."

"ಹೊಲೀತಾ ಇರೋ ಬಟ್ಟೆ ಹರಿದು ನೋಡ್ತೀರಾ?"

"ಬಟ್ಟೆ ಏನು ಮಾಡಿತ್ತು ಪಾಪ!"

"ಹಲ್ಲು ಏನು ಮಾಡಿತ್ತು?"

ರುಚಿ, ನೋವು, ಬಿಸಿ ತಿಳಿಸುವ ನರಗಳು ಸುಡುವುದು ಏನೂ ಇಲ್ಲದಾಗಲೂ "ಸುಡ್ತಿದೆ" ಎಂದು ಸುದ್ದಿ ಕಳಿಸುತ್ತಿವೆಯಂತೆ. ಯಾಕೆ ಹಾಗಾಗುತ್ತದೆಂದು ಪೂರ್ತಿಯಾಗಿ ಇನ್ನೂ ಯಾರಿಗೂ ತಿಳಿದಿಲ್ಲವಂತೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಊಟ ಮಾಡುವಾಗ, ಕೆಲಸದಲ್ಲಿ ಮುಳುಗಿದಾಗ ನರಗಳಿಗೆ ಬೇರೆ ಸುದ್ದಿ ಸಿಗುತ್ತದೆ, ಉರಿಯ ಸುದ್ದಿ ಹಿಂದೆ ಸರಿಯುತ್ತದೆ. ಇದನ್ನು ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ. ನಾನು ಕಂಡದ್ದು ಸುಳ್ಳಾಗಿರಲಿಲ್ಲ.

ಈಗ ಮದ್ದು. ಒಂದು ಮಾತ್ರೆ, ನುಂಗುವಂತಿಲ್ಲ. ಮೂರು ನಿಮಿಷ ನಾಲಿಗೆಯ ಮೇಲೆ ಕರಗಿಸಿ ಉಗಿಯಬೇಕು. ತೂಕಡಿಕೆ ಬರಬಹುದು, ಕತ್ತರಿ ಹಿಡಿಯುವ ಹೊತ್ತಿನಲ್ಲಿ ಬೇಡ ಎಂದಿದ್ದಾರೆ. ಪುದೀನ ಘಾಟಿನ, ನೊರೆ ಬರುವ ಟೂತ್‌ಪೇಸ್ಟು ಬಿಟ್ಟಾಯಿತು. ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಯೂ ಹೋಯಿತು. ಅದರಲ್ಲಿ ಸ್ಪಿರಿಟ್ ಇತ್ತಂತೆ. ತಣ್ಣೀರು ಗುಟುಕರಿಸುವುದು, ಐಸು ಚೀಪುವುದು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುವುದು. ಈ ವಯಸ್ಸಿನಲ್ಲಿ ನಾನು ಚೂಯಿಂಗ್ ಗಮ್ ಅಗಿಯುತ್ತ ಮಷಿನ್ನು ತುಳಿಯುವುದನ್ನು ನೀನು ನೋಡಬೇಕು. ಕನ್ನಡಿಯಲ್ಲಿ ನಾಲಿಗೆ ನೋಡುವುದು ಪೂರ್ತಿ ನಿಷೇಧ. ಪಿನ್ನು ಕಚ್ಚುವುದನ್ನೂ ಬಿಡಬೇಕು. ಉರಿಗಾಗಿ ಅಲ್ಲ, ಗಂಟಲಿಗೆ ಹೋದರೆ ಎಂದು. ಚೆನ್ನಾಗಿ ಬೈದರು.

"ಪೂರ್ತಿ ಹೋಗುತ್ತಾ?" ಎಂದೆ. "ಕೆಲವರಿಗೆ ಹೋಗುತ್ತೆ. ಹೆಚ್ಚಿನವರಿಗೆ ಇಳಿಯುತ್ತೆ. ತಿಂಗಳುಗಟ್ಟಲೆ ಬೇಕು. ಮಾತು ಕೊಡಲಾರೆ" ಎಂದರು. ಮಾತು ಕೊಟ್ಟವರಿಗಿಂತ ಇವರ ಮೇಲೆ ನನಗೆ ನಂಬಿಕೆ ಬಂತು.

ನಿನ್ನ ಅಣ್ಣ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ. "ನಾನು ಮೊದಲೇ ವೈರು ಅಂದಿದ್ದೆ" ಎಂದು ಈಗ ಹೇಳುತ್ತಾನೆ. ಯಾರಿಗೆ ಅಂದಿದ್ದನೋ.

ಅತ್ತಿಗೆ


ಏಪ್ರಿಲ್ 19

ಅತ್ತಿಗೆ,

ಪ್ಲೇಟು ಗುಂಡಿ ಡಬ್ಬಿಗೆ ಯಾಕೆ ಹೋಯಿತೆಂದು ನೀವು ಹೇಳಲೇ ಇಲ್ಲ. ಹೇಳುವುದು ಬೇಡ. ಕಣ್ಣಾರೆ ಕಂಡೆ.

ಆ ಸಂಜೆ ನೀವು ನೂಲು ಕಚ್ಚಿ ತುಂಡರಿಸಿದಿರಲ್ಲ, ನೂಲು ಸೀದಾ ನಿಮ್ಮ ಮುಂದಿನ ಹಲ್ಲಿನ ಮೂಲೆಗೆ ಹೋಗಿ ಕೂತಿತು. ಅಲ್ಲಿ ಒಂದು ಸಣ್ಣ ಕಚ್ಚು ಇದೆ. ಇಷ್ಟು ವರ್ಷ ನೂಲು, ಪಿನ್ನು ಹಿಡಿದು ಹಿಡಿದು ನೀವೇ ಕೊರೆದುಕೊಂಡ ಕಚ್ಚು. ರೈಲಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ.

ಲ್ಯಾಬಿಗೆ ಬಂದು ಅಚ್ಚು ನೋಡಿದೆ. ಕಚ್ಚು ಇರಲಿಲ್ಲ. ಆ ಜಾಗದಲ್ಲಿ ಒಂದು ಚೂರು ಮೇಣ ಇತ್ತು. ಪ್ಲಾಸ್ಟರ್ ಸುರಿಯುವಾಗ ಗಾಳಿಗುಳ್ಳೆ ಸೇರಿದರೆ ಅಚ್ಚಿನಲ್ಲಿ ಇಂಥ ಗುಳಿಗಳು ಬೀಳುವುದುಂಟು. ನಮಗೆ ಕಂಡ ಕೂಡಲೇ ಮೇಣ ಹಚ್ಚಿ ಮುಚ್ಚಿಬಿಡುವ ಅಭ್ಯಾಸ. ನಿಮ್ಮ ಕಚ್ಚನ್ನೂ ಹಾಗೆಯೇ ಮುಚ್ಚಿದ್ದೆ. ಆ ಮುಚ್ಚಿದ ಹಲ್ಲಿಗೆ ಸರಿಯಾಗಿ ಪಕ್ಕದ ಹಲ್ಲನ್ನು ಉದ್ದಕ್ಕೆ, ಚೂಪಾದ ಮೂಲೆಯಿಟ್ಟು ಕೂರಿಸಿದೆ. ಪ್ಲೇಟು ಹಾಕಿಕೊಂಡರೆ ನೂಲು ಕಚ್ಚಿಗೆ ಹೋಗುವ ದಾರಿಗೆ ನನ್ನ ಹಲ್ಲು ಅಡ್ಡ. ನೋಡಲು ಚಂದ, ಕೆಲಸಕ್ಕೆ ಅಡ್ಡಿ. ಅಷ್ಟೇ ತಾನೇ?

ಡಬ್ಬಿಯಲ್ಲಿರುವುದನ್ನು ಕಳಿಸಿ.

ಪಿಟೀಲು


ಜುಲೈ 30

ಪಿಟೀಲು,

ಉತ್ತರ ತಡವಾಯಿತು. ನೀನು ತಿದ್ದಿ ಕಳಿಸಿದ ಪ್ಲೇಟಿನ ಪಾರ್ಸೆಲ್ ತಲುಪಿ ಎಷ್ಟೋ ದಿನವಾಯಿತು. ಹಾಕಿಕೊಂಡು ನಾಲ್ಕು ದಿನ ಕೆಲಸ ಮಾಡದೆ ಬರೆಯಬಾರದೆಂದು ಕಾದೆ. ಆಮೇಲೆ ಶಾಲೆಗಳ ಯೂನಿಫಾರಂ ಬಂದು ಬಿದ್ದವು.

ಅಷ್ಟೇ. ನೀನು ಕಂಡದ್ದೇ ಸರಿ. ಅಷ್ಟು ಅಂದವಾಗಿ ಮಾಡಿ, ಹತ್ತಿಯಲ್ಲಿ ಸುತ್ತಿ ಕಳಿಸಿದ್ದೆ. ನೂಲು ಕಚ್ಚಲು ಬರುವುದಿಲ್ಲ ಎಂದು ಹೇಳಿದರೆ ನಗುತ್ತೀಯ ಎಂದುಕೊಂಡೆ. ಹೇಳದೆ ಇದ್ದದ್ದಕ್ಕೆ ನೀನು ರಾಸಾಯನಿಕ, ಅಲರ್ಜಿ ಎಂದು ಏನೇನೋ ಲೆಕ್ಕ ಹಾಕಿಕೊಂಡು ಕೊರಗಿದೆ.

ಈಗ ನೂಲು ಹೋಗಿ ಕೂರುತ್ತದೆ. ಪಕ್ಕದ ಹಲ್ಲಿನ ಮೂಲೆಯನ್ನು ನೀನು ಎಷ್ಟು ಉಜ್ಜಿದ್ದೀಯೆಂದರೆ, ನನ್ನ ಹಲ್ಲು ಯಾವುದು, ನಿನ್ನದು ಯಾವುದು ಎಂದು ನಾಲಿಗೆಗೇ ಗೊತ್ತಾಗುವುದಿಲ್ಲ. ಜೊತೆಗೆ ಚೀಟಿ ಬೇರೆ: "ನೂಲಿಗೆ ಮಾತ್ರ. ಪಿನ್ನು ಕಂಡರೆ ವಾಪಸ್ಸು ಕಿತ್ತುಕೊಳ್ಳುತ್ತೇನೆ." ಪಿನ್ನುಗಳೀಗ ಮಣಿಕಟ್ಟಿನ ದಿಂಡಿನಲ್ಲಿವೆ. ಅದರಿಂದ ಒಂದು ತೊಂದರೆಯಾಗಿದೆ. ಮೊದಲು ಸ್ಟೂಲಿನ ಮೇಲೆ ನಿಂತವರು ಮಾತಾಡುತ್ತಿದ್ದರು, ನಾನು ಪಿನ್ನು ಕಚ್ಚಿಕೊಂಡು ಹೂಂಗುಟ್ಟುತ್ತಿದ್ದೆ. ಈಗ ಬಾಯಿ ಖಾಲಿ, ನಾನೂ ಮಾತಾಡಬೇಕು. ಆ ನರ್ಸು ಮೊನ್ನೆ, "ಆಂಟಿ, ನೀವು ಇಷ್ಟೊಂದು ಮಾತಾಡ್ತೀರಾ!" ಎಂದಳು.

ಉರಿ? ಇದೆ. ಸುಳ್ಳು ಹೇಳುವುದಿಲ್ಲ. ಮೊದಲು ಉರಿಯುತ್ತಿದ್ದುದರ ಅರ್ಧದಷ್ಟು ಇರಬಹುದು. ಕೆಲವು ದಿನ ಇರುವುದೇ ಇಲ್ಲ. ಹೋದ ವಾರ ಎರಡು ದಿನ ಪೂರ್ತಿ ಬಂದಿತ್ತು, ಕಾರಣ ತಿಳಿಯಲಿಲ್ಲ. ಮೊದಲಾಗಿದ್ದರೆ ಕನ್ನಡಿಗೆ ಓಡುತ್ತಿದ್ದೆ. ಈ ಸಲ ಐಸು ಬಾಯಿಗೆ ಹಾಕಿಕೊಂಡು, ಬಂದವರನ್ನು ಕೂರಿಸುವ ಹಾಗೆ ಕೂರಿಸಿ, ಕೋಟಿನ ತೋಳು ಜೋಡಿಸಿದೆ. ಯಾವಾಗ ಎದ್ದು ಹೋಯಿತೋ ನೋಡಲಿಲ್ಲ. ಅದು ಏನೆಂದು ಗೊತ್ತು, ಏನಲ್ಲವೆಂದೂ ಗೊತ್ತು. ರಾತ್ರಿ ನಿದ್ದೆ ಬರುತ್ತದೆ.

ಅಮ್ಮನ ಬಗ್ಗೆ ನೀನು ಯಾವತ್ತೂ ಕೇಳಿಲ್ಲ. ಕೊನೆಯ ತಿಂಗಳುಗಳಲ್ಲಿ ಏನು ಹೇಳುತ್ತಿದ್ದರು, ನಿನ್ನ ಬಗ್ಗೆ ಏನು ವಿಚಾರಿಸುತ್ತಿದ್ದರು, ಯಾವ ಮಾತಿಗೆ ನಗುತ್ತಿದ್ದರು. ಎಲ್ಲ ನನ್ನ ಹತ್ತಿರವೇ ಉಳಿದಿದೆ. ಪ್ರಶ್ನೆ ಕೇಳುವುದೇ ಹುಟ್ಟುಗುಣವಾಗಿರುವ ನೀನು ಅದೊಂದನ್ನು ಮಾತ್ರ ಕೇಳಲಿಲ್ಲ. ಕಾಗದದಲ್ಲಿ ಬರೆಯುವ ವಿಷಯವಲ್ಲ ಅದು.

ನಾಳೆ ಸಂಜೆ ಲ್ಯಾಬಿನಿಂದ ಹೊರಟ ಮೇಲೆ ಫೋನು ಮಾಡು. ಎತ್ತುತ್ತೇನೆ.

ನಿನ್ನ ಅತ್ತಿಗೆ